ಆರುವ ತನಕ

ಅಪ್ಪ ತೀರಿಕೊಂಡ ಏಳನೆಯ ದಿನ
ಶಕ್ತಿನಗರದ ಕಾಲನಿ ಹುಡುಗರು ಬ್ಯಾನರ್ ಕಟ್ಟಿದರು:
ಹುಸೇನಪ್ಪನವರ ಪರಿನಿರ್ವಾಣ.
ಅವ್ವ ಬಿಳಿ ಸೆರಗು ಬಾಯಿಗೆ ಒತ್ತಿ ನನ್ನ ಕಿವಿಯಲ್ಲಿ:
"ಅಷ್ಟು ದೊಡ್ಡ ಮಾತು ಯಾಕವ್ವ?
ಮೊನ್ನಿ ತನಕ ಮೆಣಸಿನಕಾಯಿ ಬಜ್ಜಿಗೆ ಜಗಳಾಡಿದ ಮನಷ್ಯಾಗ."

ಇಪ್ಪತ್ತೊಂಬತ್ತು ವರ್ಷ ಬಾಯ್ಲರ್ ಮುಂದೆ ನಿಂತವನು.
ಕುಲುಮೆಯ ಕಿಂಡಿಗೆ ಕಣ್ಣಿಡಲು
ಕಿಸೆಯಲ್ಲಿ ಅಂಗೈಯಗಲದ ನೀಲಿ ಗಾಜು.
ಬರಿಗಣ್ಣಿಗೆ ಬೆಂಕಿ ಕಾಣುವುದಿಲ್ಲ, ಬರೀ ಬೆಳಕು;
ಗಾಜು ಹಿಡಿದರೆ ತಿಳಿಯುತ್ತದೆ
ಎಲ್ಲಿ ಹದ, ಎಲ್ಲಿ ಸುಮ್ಮನೆ ಹೊಗೆ.
ರಜೆಯ ದಿನ ಅದರಿಂದಲೇ ನೋಡುತ್ತಿದ್ದ
ಅವ್ವನ ಒಲೆ, ಜ್ವರ ಬಂದ ನನ್ನ ಮುಖ,
ಯಾರಾದರೂ ತಮ್ಮನ ಹೆಸರೆತ್ತಿದರೆ
ಕನ್ನಡಿಯಲ್ಲಿ ತನ್ನದೇ ಕಣ್ಣು.

ಒಮ್ಮೆ ಕೊಳವೆ ಒಡೆದು ಯೂನಿಟ್ ನಿಂತಿತು.
ಆಗ ನನಗೆ ಹತ್ತು.
ಅಷ್ಟು ದೊಡ್ಡ ಬೆಂಕಿಗೆ ಎಷ್ಟು ನೀರು ಸುರಿದಿರಿ,
ಕೃಷ್ಣೆ ಪೂರ್ತಿ ಬೇಕಾಯಿತೇ ಅಂದೆ.
"ನೀರು ಹಾಕಿದರ ಬಾಯ್ಲರ್ ಸಿಡೀತದ, ಹುಚ್ಚವ್ವ.
ಕಲ್ಲಿದ್ದಲು ಕೊಡಾದು ಬಿಟ್ಟಿವಿ, ಅಷ್ಟ.
ತಿನ್ನಾದು ಬಿಟ್ಟರ ಬೆಂಕಿಗೆ ತಂದಂತ ಏನದ?"
ಹಾಗಾದರೆ ಈಗ ಎಲ್ಲಿ ಹೋಯಿತು ಅದು,
ದೇವಸೂಗೂರಿಗೋ, ಹೊಳೆ ದಾಟಿ ಆ ಕಡೆಗೋ?
ಅಂಗಿಯ ಬೂದಿ ಕೊಡವುತ್ತ ಬಹಳ ಹೊತ್ತು ಯೋಚಿಸಿದ.
"ಯಾವ ಕಡಿಗಂತ ಕೇಳಬ್ಯಾಡ."
ಮತ್ತೆ, ಊಟದ ನಡುವೆ, ಯಾರೂ ಕೇಳದಿದ್ದರೂ:
"ಆರಿದ ಮ್ಯಾಲೂ ಮೂರು ದಿನ ಒಳಗ ಕಾಲಿಡಂಗಿಲ್ಲ.
ಇಟ್ಟಂಗಿ ಬಿಸಿ ಇರ್ತಾವ."

ಕಲಬುರಗಿಯಿಂದ ಬಂದ ಎಳೆಯ ಭಂತೇಜಿ
ಆಸೆಯ ಬೆಂಕಿ ನಂದುವುದೇ ನಿರ್ವಾಣ ಅಂದರು.
ನಂದುವುದು ನಮ್ಮ ಮನೆಯ ಮಾತಲ್ಲ.
ನಮ್ಮಲ್ಲಿ ಎಲ್ಲವೂ ಆರುತ್ತದೆ:
ಹಗ್ಗದ ಮೇಲಿನ ಅರಿವೆ, ಗಂಗಾಳದ ಅನ್ನ,
ಸೆಕೆಗೆ ಹಣೆಯಲ್ಲಿ ನಿಂತ ಬೆವರು,
ಮೊಣಕಾಲ ಗಾಯ.
ದೀಪವೂ. ಆದರೆ ದೀಪಕ್ಕೆ ಆ ಮಾತು ಆಡಿದರೆ
ಅಜ್ಜಿ ಬೆನ್ನಿಗೊಂದು ಕೊಡುತ್ತಿದ್ದಳು,
ಶಾಂತ ಮಾಡು ಅನ್ನಬೇಕಂತೆ.
ಗಾಯ ಆರಿದ ಮೇಲೆ
ಗಾಯ ಎಲ್ಲಿ ಹೋಯಿತೆಂದು
ಯಾರೂ ಹುಡುಕಿ ಅಳುವುದಿಲ್ಲ.

ಜಮೀನು ಹೋದ ಮನೆಗೆ ಒಂದೇ ನೌಕರಿ ಬಂತು.
ಅಪ್ಪನಿಗೆ ಸಿಕ್ಕಿತು, ಜಂಬಣ್ಣ ಕಾಕಾನಿಗೆ ಇಲ್ಲ.
ಹನ್ನೊಂದು ವರ್ಷ ಮಾತಿಲ್ಲ,
ಎರಡೂ ಮನೆಯವರು ಪಾಳಿ ಹಾಕಿಕೊಂಡು
ಆ ಸಿಟ್ಟಿಗೆ ಕಲ್ಲಿದ್ದಲು ಹಾಕಿದೆವು, ನಾನೂ.
ಹೋದ ಮೇ ತಿಂಗಳು ಕಾಕಾ ಕರೆಯದೆ ಬಂದ.
ಕಟ್ಟೆಯ ಮೇಲೆ ಇಬ್ಬರೂ ಚಿಮಣಿ ನೋಡುತ್ತ ಕೂತರು.
ನಡುವೆ ಚಹಾ, ಅದರ ಮೇಲೆ ಕೆನೆ ಕಟ್ಟುವಷ್ಟು ಹೊತ್ತು.
ಆಮೇಲೆ ಅಪ್ಪ ಬಸಿಗೆ ಸುರಿದು ಆ ಕಡೆ ಸರಿಸಿದ.
"ಕುಡಿ. ಆರ್ಯದ."
ಕ್ಷಮೆ ಗಿಮೆ ಏನಿಲ್ಲ, ಅಪ್ಪಿಕೊಳ್ಳಲಿಲ್ಲ.
ಅದೇ ಸಂಜೆ ಪಿಂಚಣಿ ಬಾಕಿಯ ವಿಷಯಕ್ಕೆ
ಪೋಸ್ಟ್‌ಮ್ಯಾನ್ ಮೇಲೆ ಕೂಗಾಡಿ
ಬಿಪಿ ಏರಿಸಿಕೊಂಡ.

ಇವತ್ತು ಜನ ಎದ್ದು ಹೋದ ಮೇಲೆ
ನೀಲಿ ಗಾಜು ಹಿಡಿದು ಫೋಟೋ ಮುಂದಿನ ದೀಪ ನೋಡಿದೆ.
ಬೇವಿನೆಲೆಯಷ್ಟು. ಹೊಗೆಯಿಲ್ಲ.
ಎಣ್ಣೆ ತಳ ಮುಟ್ಟಿತ್ತು.
ಅವ್ವನ ಕೈ ಬಾಟಲಿಯ ತನಕ ಹೋಗಿ
ಅಲ್ಲೇ ನಿಂತಿತು.
ಹೊರಗೆ ಬ್ಯಾನರಿನ ಮೇಲೆ ಹಾರುಬೂದಿ ಕೂರುವ ಸದ್ದು
ಕೇಳಿಸುತ್ತದೆ ಅನಿಸುವಷ್ಟು ಮೌನ.

ಬತ್ತಿ ಒಮ್ಮೆ ಎದ್ದು ಕುಳಿತು
ಹೋಯಿತು. ಯಾವ ಕಡೆಗೆ ಎಂದು ನಾನು ಕೇಳಲಿಲ್ಲ.
ಪಣತಿ ಮುಟ್ಟಿ ನೋಡಿ ಬೆರಳು ಎಳೆದುಕೊಂಡೆ.
"ಬಿಡು," ಅಂದಳು ಅವ್ವ, "ಆರಲಿ."